ಖಾಲಿ ಚೌಕದಿಂದ ಶುರು: ಸಸ್ಯಶಾಸ್ತ್ರದ ಒಂದು ಪತ್ರಿಕೆಯನ್ನು ಎಲ್ಲರಿಗೂ ತೆರೆದಿಟ್ಟ ಬಗೆ

ಪದವಿ ತರಗತಿಯ ಸಸ್ಯ ಅಂಗರಚನಾಶಾಸ್ತ್ರದ ಪತ್ರಿಕೆಯ (ಪೇಪರಿನ) ಪಾಠಗಳನ್ನು ಯಾರು ಬೇಕಾದರೂ ಇಳಿಸಿಕೊಂಡು, ತಿದ್ದಿಕೊಂಡು, ತಮ್ಮ ತರಗತಿಯಲ್ಲಿ ಬಳಸುವಂತೆ ಕನ್ನಡದಲ್ಲಿ ಇಡುವ ಕೆಲಸದಲ್ಲಿ ಬರೆಯುವುದು ಸಣ್ಣ ಭಾಗ. ನೋಟ್ಸ್ ಹೇಗೂ ಇರುತ್ತದೆ. ಸಮಯ ಹೋಗುವುದು ಎರಡು ಕಡೆ: ಯಾವ ಚಿತ್ರ ಯಾರದು ಎಂದು ವಿಂಗಡಿಸುವುದರಲ್ಲಿ, ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫೈಲುಗಳನ್ನು ಎಲ್ಲ ಯಂತ್ರಗಳೂ ಓದುವ ಯೂನಿಕೋಡ್‌ಗೆ ತರುವುದರಲ್ಲಿ. ಇವೆರಡನ್ನೂ ಬಿಟ್ಟು ಪಿಡಿಎಫ್ ಒಂದನ್ನು ಕಾಲೇಜಿನ ಜಾಲತಾಣಕ್ಕೆ ಏರಿಸಿದರೆ ಓದಲು ಸಿಗುತ್ತದೆ, ಅಷ್ಟೆ. ಇನ್ನೊಂದು ಊರಿನ ಮೇಷ್ಟ್ರು ಅದರಿಂದ ಒಂದು ಪುಟವನ್ನೂ ಎತ್ತಿಕೊಳ್ಳಲಾರರು.

ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಉಚಿತವಾಗಿ ಇಡುವುದಾಗಿ 2001ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 2002ರ ಸೆಪ್ಟೆಂಬರ್‌ನಲ್ಲಿ ಮೊದಲ ಕೋರ್ಸುಗಳನ್ನು ಹೊರಬಿಟ್ಟಿತು. ಆ ಓಪನ್‌ಕೋರ್ಸ್‌ವೇರ್ ಪಿಡಿಎಫ್‌ಗಳಲ್ಲಿ ಅಲ್ಲಲ್ಲಿ ಚಿತ್ರ ಇರಬೇಕಾದ ಜಾಗ ಖಾಲಿ ಇರುತ್ತದೆ. ಹಕ್ಕುಸ್ವಾಮ್ಯದ ಕಾರಣಕ್ಕೆ ಚಿತ್ರ ತೆಗೆಯಲಾಗಿದೆ ಎಂಬ ಅರ್ಥದ ಒಂದು ಸಾಲು ಮಾತ್ರ ಅಲ್ಲಿರುತ್ತದೆ. ಈ ಕೆಲಸಕ್ಕೆ ಕೈಹಾಕುವವರು ಮೊದಲು ಆ ಖಾಲಿ ಚೌಕವನ್ನು ನೋಡಬೇಕು. ತರಗತಿಯಲ್ಲಿ ತೋರಿಸುವುದಕ್ಕೂ ಲೋಕಕ್ಕೆ ಹಂಚುವುದಕ್ಕೂ ಇರುವ ಅಂತರ ಅಲ್ಲಿದೆ.

ಆದ್ದರಿಂದ ನಾನು ಮೊದಲು ಮಾಡಿದ್ದು ಒಂದು ಪಟ್ಟಿ. ಎಕ್ಸೆಲ್ ಹಾಳೆಯಲ್ಲಿ ಆರು ಕಾಲಂ: ಕ್ರಮಸಂಖ್ಯೆ, ಪುಟ, ಏನಿದೆ, ಎಲ್ಲಿಂದ ಬಂತು, ಹಕ್ಕು ಯಾರದು, ಏನು ಮಾಡುವುದು. ಒಂದು ಪತ್ರಿಕೆಯ ಸ್ಲೈಡು, ನೋಟ್ಸ್ ಸೇರಿ ಚಿತ್ರಗಳು ಸುಲಭವಾಗಿ ನೂರು ದಾಟುತ್ತವೆ. ಕೊನೆಯ ಕಾಲಂನಲ್ಲಿ ಮೂರೇ ಉತ್ತರ: ಅನುಮತಿ ಕೇಳು, ಬದಲಿಸು, ತೆಗೆ. ಪ್ರಕಾಶಕರಿಗೆ ಅನುಮತಿ ಕೇಳಿ ಕಾಯುವುದರಲ್ಲಿ ಸೆಮಿಸ್ಟರ್ ಮುಗಿದುಹೋಗುತ್ತದೆ. ಬಂದ ಅನುಮತಿಯೂ ಬಹುಪಾಲು ‘ನಿಮ್ಮ ಜಾಲತಾಣದಲ್ಲಿ ಮಾತ್ರ’ ಎಂದಿರುತ್ತದೆ. ಅಂಥ ಚಿತ್ರವನ್ನು ಮುಂದಿನವರು ಬಳಸುವಂತಿಲ್ಲ. ಹಾಗಾಗಿ ಪುಸ್ತಕದ ಚಿತ್ರಗಳೆಲ್ಲಕ್ಕೂ ‘ಬದಲಿಸು’ ಎಂದೇ ಬರೆದೆ.

ಪುಸ್ತಕದ ಪುಟಗಳನ್ನು ವಿದ್ಯಾರ್ಥಿಗಳಿಗೆ ಪ್ರತಿ ಮಾಡಿ ಕೊಟ್ಟದ್ದರ ಕುರಿತ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ ಮಾಸ್ತರರ ಪರ ತೀರ್ಪು ಬಂದಿದೆಯಲ್ಲ, ಮತ್ತೇಕೆ ಇಷ್ಟು ಎಚ್ಚರಿಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. 2016ರ ಆ ತೀರ್ಪು ನಿಂತಿರುವುದು ಹಕ್ಕುಸ್ವಾಮ್ಯ ಕಾಯಿದೆ 1957ರ 52(1)(ಐ) ಕಲಮಿನ ಮೇಲೆ. ಬೋಧನೆಯ ಅಂಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ ಅದು ರಕ್ಷಣೆ. ತರಗತಿಯ ಹೊರಗಿನ ಯಾರಿಗೂ ಸಿಗುವಂತೆ ಜಾಲಕ್ಕೆ ಏರಿಸಿ, ‘ನೀವೂ ಹಂಚಿ’ ಎಂದು ಪರವಾನಗಿ ಕೊಡಲು ಅದನ್ನು ನೆಚ್ಚಬಾರದು. ನಮ್ಮದಲ್ಲದ ಚಿತ್ರದ ಮೇಲೆ ಪರವಾನಗಿ ಕೊಡಲು ನಮಗೆ ಹಕ್ಕೇ ಇಲ್ಲ. ಪುಸ್ತಕದ ಚಿತ್ರದ ಮೇಲೆ ಹಾಳೆ ಇಟ್ಟು ಗೆರೆ ಎಳೆದರೂ ಅದು ನಕಲೇ. ಸೂರ್ಯಕಾಂತಿಯ ಕಾಂಡದಲ್ಲಿ ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಉಂಗುರದ ಹಾಗೆ ಜೋಡಣೆಯಾಗಿವೆ ಎಂಬ ಸಂಗತಿಗೆ ಒಡೆಯರಿಲ್ಲ, ಅದನ್ನು ಒಬ್ಬರು ಬಿಡಿಸಿದ ಚಿತ್ರಕ್ಕೆ ಇದ್ದಾರೆ.

ಸಸ್ಯಶಾಸ್ತ್ರದವರಿಗೆ ಇಲ್ಲಿ ಒಂದು ಅನುಕೂಲ ಇದೆ: ಮೂಲವಸ್ತು ಕಾಲೇಜಿನ ಹಿತ್ತಲಲ್ಲೇ ಸಿಗುತ್ತದೆ. ಸೂರ್ಯಕಾಂತಿಯ ಎಳೆಯ ಕಾಂಡ, 3ರಿಂದ 5 ಮಿ.ಮೀ. ದಪ್ಪದ್ದು. ಹೊಸ ಬ್ಲೇಡಿನಿಂದ ಅಡ್ಡಡ್ಡ ತೆಳುವಾಗಿ ಕೊಯ್ದು ನೀರಿರುವ ವಾಚ್ ಗ್ಲಾಸಿಗೆ ಹಾಕುತ್ತ ಹೋಗುವುದು. ಇಪ್ಪತ್ತು ಕೊಯ್ದರೆ ಎರಡೋ ಮೂರೋ ಬಳಸುವಂತಿರುತ್ತವೆ. ಶೇ 1ರ ಸ್ಯಾಫ್ರನಿನ್‌ನಲ್ಲಿ ಎರಡು ಮೂರು ನಿಮಿಷ, ನೀರಲ್ಲಿ ಜಾಲಿಸಿ ಒಂದು ಹನಿ ಗ್ಲಿಸರಿನ್‌ನಲ್ಲಿ ಕೂರಿಸಿದರೆ ಲಿಗ್ನಿನ್ ಇರುವ, ನೀರು ಸಾಗಿಸುವ ಕ್ಸೈಲಮ್ ಗಾಢ ಕೆಂಪಾಗಿ ಎದ್ದು ಕಾಣುತ್ತದೆ. ಎಲ್ಲ ಒಂದೇ ಕೆಂಪಾದರೆ ಬಣ್ಣ ಹೆಚ್ಚು ಹೊತ್ತು ಕುಳಿತಿದೆ ಅಥವಾ ಛೇದ ದಪ್ಪವಾಗಿದೆ ಎಂದರ್ಥ.

ಫೋಟೋಗೆ ಫೋನೇ ಸಾಕು, ಆದರೆ ಕೈಯಲ್ಲಿ ಹಿಡಿದರೆ ಆಗದು. ಸೂಕ್ಷ್ಮದರ್ಶಕದ ಐಪೀಸಿಗೆ ಸಿಕ್ಕಿಸುವ ಅಡಾಪ್ಟರ್ ಬೇಕು. ಫೋನಿನ ಮುಖ್ಯ ಕ್ಯಾಮೆರಾವನ್ನೇ ಬಳಸಿ. ವೈಡ್ ಲೆನ್ಸ್‌ನಲ್ಲಿ ಅಂಚು ಬಾಗುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿಕೊಳ್ಳಿ. ಅತಿ ಮುಖ್ಯವಾದದ್ದು ಅಳತೆ ಪಟ್ಟಿ. ಹಳೆಯ ಪುಸ್ತಕಗಳ ರೂಢಿಯಂತೆ ಚಿತ್ರದ ಕೆಳಗೆ ‘400 ಪಟ್ಟು’ ಎಂದು ಬರೆದರೆ ಪರದೆಯ ಮೇಲೆ ಅದು ಸುಳ್ಳಾಗುತ್ತದೆ, ಏಕೆಂದರೆ ಓದುಗರು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದ ಕೂಡಲೇ ಪಟ್ಟು ಬದಲಾಗುತ್ತದೆ. ಚಿತ್ರದೊಳಗೇ ಗೆರೆ ಇದ್ದರೆ ಅದೂ ಜೊತೆಗೇ ಹಿಗ್ಗುತ್ತದೆ. 1 ಮಿ.ಮೀ. ಅನ್ನು 100 ಭಾಗ ಮಾಡಿದ ಸ್ಟೇಜ್ ಮೈಕ್ರೊಮೀಟರ್ ತೆಗೆದುಕೊಂಡು, ಅದೇ ಆಬ್ಜೆಕ್ಟಿವ್, ಅದೇ ಜೂಮ್‌ನಲ್ಲಿ ಒಂದು ಫೋಟೋ ತೆಗೆಯಬೇಕು. ಒಂದು ಭಾಗ ಅಂದರೆ 10 ಮೈಕ್ರಾನ್. ಎಷ್ಟು ಪಿಕ್ಸೆಲ್ ಬಂತೋ ಎಣಿಸಿ 100 ಮೈಕ್ರಾನ್‌ನ ಗೆರೆ ಎಳೆಯುವುದು. ನಡುವೆ ಫೋನಿನ ಜೂಮ್ ಒಂದಿಷ್ಟು ಸರಿದರೂ ಆ ಲೆಕ್ಕ ಕೆಲಸಕ್ಕೆ ಬಾರದು, ಎರಡನ್ನೂ ಮತ್ತೆ ತೆಗೆಯಬೇಕು.

ರೇಖಾಚಿತ್ರಗಳನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ನಮ್ಮದೇ ಫೋಟೋದ ಮೇಲೆ ಬಿಡಿಸಿ ಎಸ್‌ವಿಜಿ ಎಂಬ ಗೆರೆಚಿತ್ರದ ಫೈಲಾಗಿ ಉಳಿಸುತ್ತೇನೆ. ಭಾಗಗಳ ಹೆಸರನ್ನು ಚಿತ್ರದ ಮೇಲೆ ಬರೆಯದೆ 1, 2, 3 ಎಂದು ಅಂಕಿ ಕೊಟ್ಟು, ಹೆಸರುಗಳ ಪಟ್ಟಿಯನ್ನು ಕೆಳಗೆ ಪಠ್ಯವಾಗಿ ಇಡುತ್ತೇನೆ. ಇದರಿಂದ ಮೂರು ಲಾಭ. ತುಳು, ಮರಾಠಿ, ಉರ್ದುವಿಗೆ ತರುವವರು ಚಿತ್ರ ಮುಟ್ಟಬೇಕಿಲ್ಲ. ಕನ್ನಡ ಫಾಂಟ್ ಇಲ್ಲದ ಯಂತ್ರದಲ್ಲಿ ಚೌಕಗಳು ಕಾಣುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಆ ಪಟ್ಟಿಯನ್ನು ಓದಿ ಹೇಳುತ್ತದೆ.

ಇಡೀ ಗಿಡದ ಚಿತ್ರ, ವಿವರಣೆ ಬೇಕಾದಲ್ಲಿ ಹಳೆಯ ಗ್ರಂಥಗಳಿವೆ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಹೂಕರ್ ಅವರ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ದ ಏಳು ಸಂಪುಟಗಳು ಬಂದದ್ದು 1872ರಿಂದ 1897ರ ನಡುವೆ, ಅದರ ವಿವರಣೆಗಳನ್ನು ಯಾರನ್ನೂ ಕೇಳದೆ ಬಳಸಬಹುದು. ಜಾಲದ ಮೇಲಿರುವ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಅಲ್ಲಿಯ ಸಸ್ಯನಾಮ ಈಗ ಬದಲಾಗಿರಬಹುದು, ನೋಡಿಕೊಂಡು ಹಾಕಬೇಕು.

ಪರವಾನಗಿಯ ಆಯ್ಕೆಯಲ್ಲಿ ನನ್ನ ನಿಲುವು ಖಚಿತ: ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0. ಅಂದರೆ ಹೆಸರು ಹೇಳಿ ಬಳಸಿ, ತಿದ್ದಿದರೆ ಅದನ್ನೂ ಇದೇ ಷರತ್ತಿನಲ್ಲಿ ಬಿಡಿ. ವಾಣಿಜ್ಯ ಬಳಕೆ ಬೇಡವೆನ್ನುವ ‘ನಾನ್‌ಕಮರ್ಷಿಯಲ್’ ಸೇರಿಸಲು ಎಲ್ಲರಿಗೂ ಮನಸ್ಸಾಗುತ್ತದೆ, ಗೈಡ್ ಮಾಡಿ ಮಾರುವವರ ಭಯ. ಆದರೆ ಅದನ್ನು ಸೇರಿಸಿದರೆ ಪಾಠ ವಿಕಿಪೀಡಿಯಕ್ಕೆ ಹೋಗಲಾರದು, ಊರಿನ ಜೆರಾಕ್ಸ್ ಅಂಗಡಿಯವರು ಪ್ರತಿ ಮಾಡಿ ಕೊಡಲು ಅನುಮಾನಿಸಬೇಕಾಗುತ್ತದೆ. ಇನ್ನೊಂದು ತೊಡಕು ಬೆರಕೆಯದು. ಎಂಐಟಿಯ ಪಾಠಗಳಿಗೆ ನಾನ್‌ಕಮರ್ಷಿಯಲ್ ಷರತ್ತು ಇದೆ. ಅದರ ಅನುವಾದವನ್ನು ಶೇರ್‌ಅಲೈಕ್ ಪಾಠದೊಳಗೆ ಬೆರೆಸುವಂತಿಲ್ಲ, ಪ್ರತ್ಯೇಕ ಫೈಲಾಗಿ ಅದರದೇ ಷರತ್ತಿನಲ್ಲಿ ಇಡಬೇಕು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಶೇರ್‌ಅಲೈಕ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅಲ್ಲಿಯ ಸಸ್ಯಶಾಸ್ತ್ರದ ಬರಹಗಳನ್ನು ಮೂಲ ಹೇಳಿ ನೇರವಾಗಿ ಸೇರಿಸಿಕೊಳ್ಳಬಹುದು. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಇದು ದೊಡ್ಡ ಆಸ್ತಿ, ಇನ್ನೂ ಸಾಕಷ್ಟು ಬಳಕೆಯಾಗಿಲ್ಲ.

ಪರವಾನಗಿ ಕೊಡುವ ಮೊದಲು ನೋಟ್ಸ್‌ನ ಒಡೆತನವೂ ಸ್ಪಷ್ಟವಿರಬೇಕು. ಕಾಯಿದೆಯ 17(ಸಿ) ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದದ್ದಕ್ಕೆ ಮೊದಲ ಒಡೆಯರು ಉದ್ಯೋಗದಾತರು. ಉಪನ್ಯಾಸದ ಟಿಪ್ಪಣಿ ಇದರಲ್ಲಿ ಬರುತ್ತದೆಯೇ ಎಂಬ ಚರ್ಚೆಗೆ ಇಳಿಯುವ ಬದಲು ಒಂದು ಪುಟದ ಪತ್ರಕ್ಕೆ ಸಂಸ್ಥೆಯ ಸಹಿ, ಮೊಹರು ಹಾಕಿಸಿಕೊಳ್ಳುವುದು ಕ್ಷೇಮ. ಅದರಲ್ಲಿ ಫೈಲುಗಳ ಪಟ್ಟಿ, ಪರವಾನಗಿಯ ಪೂರ್ಣ ಹೆಸರು, ಆವೃತ್ತಿ 4.0, ಒಮ್ಮೆ ಕೊಟ್ಟ ಮೇಲೆ ಹಿಂಪಡೆಯುವಂತಿಲ್ಲ ಎಂಬ ಸಾಲು ಇರಬೇಕು. ಕೊನೆಯ ಸಾಲನ್ನು ಓದಿ ಹೇಳಿಯೇ ಸಹಿ ಕೇಳಿ.

ಇನ್ನು ಪಠ್ಯ. ಹಳೆಯ ನೋಟ್ಸ್ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿದ್ದರೆ ಫೈಲಿನೊಳಗೆ ಕನ್ನಡವೇ ಇಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿದೆ ಅಷ್ಟೆ. ಗೂಗಲ್ ಅದನ್ನು ಹುಡುಕದು, ಸ್ಕ್ರೀನ್ ರೀಡರ್ ಓದದು. ಪರಿವರ್ತಕಗಳಿವೆ, ಆದರೆ ಸಸ್ಯಶಾಸ್ತ್ರಕ್ಕೆ ಅವು ವಿಶೇಷ ಅಪಾಯ: ಪಠ್ಯವನ್ನು ಅಂಟಿಸಿ ಪರಿವರ್ತಿಸುವಾಗ ರೋಮನ್ ಲಿಪಿಯ ಲ್ಯಾಟಿನ್ ಸಸ್ಯನಾಮಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಹೀಗೆ ಮಾಡಿ: ವರ್ಡ್‌ನ ಹುಡುಕು ಪೆಟ್ಟಿಗೆಯಲ್ಲಿ ಫಾಂಟ್ ಹೆಸರನ್ನು ಷರತ್ತಾಗಿ ಕೊಟ್ಟರೆ ಇಂಗ್ಲಿಷ್ ಫಾಂಟಿನ ಪದಗಳೆಲ್ಲ ಸಿಗುತ್ತವೆ. ಅವನ್ನು ಬೇರೆ ಹಾಳೆಗೆ ತೆಗೆದಿಟ್ಟು, ಆ ಜಾಗದಲ್ಲಿ 9001, 9002 ಎಂದು ಅಂಕಿ ಹಾಕಿ. ಪರಿವರ್ತಕ ಅದನ್ನು ೯೦೦೧ ಮಾಡಿದರೂ ಗುರುತು ಸಿಗುತ್ತದೆ, ಆಮೇಲೆ ಹೆಸರನ್ನು ಹಿಂದಕ್ಕೆ ಕೂರಿಸಬಹುದು.

ಪರಿವರ್ತನೆಯ ನಂತರ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತು ಮತ್ತು ಸ್ವರವಿಲ್ಲದೆ ನಿಲ್ಲಬೇಕಾದ ವ್ಯಂಜನ. ‘ಕ್ಲೋರೊಫಿಲ್‌ನಲ್ಲಿ’ ಎಂಬಲ್ಲಿ ಲ್ ಮತ್ತು ನ ನಡುವೆ ಕಾಣದ ಒಂದು ಸಂಕೇತ ಇರಬೇಕು, ಜೀರೋ ವಿಡ್ತ್ ನಾನ್ ಜಾಯಿನರ್. ಅದು ಬಿದ್ದುಹೋದರೆ ‘ಕ್ಲೋರೊಫಿಲ್ನಲ್ಲಿ’ ಎಂದು ಒತ್ತಕ್ಷರವಾಗುತ್ತದೆ. ವಿಜ್ಞಾನದ ಬರಹದಲ್ಲಿ ಇಂಥ ಪದ ಪುಟಕ್ಕೆ ಹತ್ತಾದರೂ ಇರುತ್ತವೆ.

ವರ್ಡ್‌ನಿಂದ ಮಾಡಿದ ಪಿಡಿಎಫ್ ಅನ್ನೂ ಸುಮ್ಮನೆ ನಂಬಬೇಡಿ. ‘ಪತ್ರರಂಧ್ರ’, ‘ಸ್ಕ್ಲೀರೆಂಕೈಮ’, ‘ಕೋಶ’ ಇರುವ ಸಾಲೊಂದನ್ನು ಅದರಿಂದ ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಒತ್ತಕ್ಷರ ಒಡೆದಿದ್ದರೆ, ಅಕ್ಷರದ ಸರದಿ ತಪ್ಪಿದ್ದರೆ ಆ ಪಿಡಿಎಫ್ ಮುದ್ರಣಕ್ಕೆ ಮಾತ್ರ. ನಾನು ಮೂಲವನ್ನು ಸರಳ ಪಠ್ಯದ ರೂಪವಾದ ಮಾರ್ಕ್‌ಡೌನ್‌ನಲ್ಲಿ ಇಟ್ಟು, ಪ್ಯಾಂಡಾಕ್ ಎಂಬ ಪರಿವರ್ತಕ ಬಳಸಿ ಅದರಿಂದಲೇ ಎಚ್‌ಟಿಎಂಎಲ್, ಇಪಬ್, ವರ್ಡ್ ಮೂರನ್ನೂ ತೆಗೆಯುತ್ತೇನೆ. ಎಚ್‌ಟಿಎಂಎಲ್ ಓದಲು, ವರ್ಡ್ ತಿದ್ದುವವರಿಗೆ. ಫಾಂಟ್ ನೋಟೊ ಸೆರಿಫ್ ಕನ್ನಡ. ಅದರ ಪರವಾನಗಿಯೂ ಮುಕ್ತ, ಜೊತೆಗೆ ಹಂಚಬಹುದು.

ಪಾರಿಭಾಷಿಕ ಪದಗಳ ಜೊತೆ ಮೊದಲ ಬಾರಿ ಬಂದಾಗ ರೋಮನ್ ಲಿಪಿಯ ಇಂಗ್ಲಿಷ್ ರೂಪವನ್ನೂ ಕೊಡಿ, ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳಿಗೆ ಸಿಗುವುದು ಅದು.

ಫೈಲ್ ಹೆಸರು ರೋಮನ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ. ಕನ್ನಡ ಹೆಸರು ಕೊಂಡಿಯಲ್ಲಿ ಶೇಕಡಾ ಚಿಹ್ನೆಗಳ ಸರಮಾಲೆಯಾಗುತ್ತದೆ. ‘ಪಾಠ’ ಎಂಬ ಎರಡಕ್ಷರಕ್ಕೆ 27 ಚಿಹ್ನೆ, ವಾಟ್ಸಾಪ್‌ನಲ್ಲಿ ಕಳಿಸುವಾಗ ತುಂಡಾಗುವುದೂ ಉಂಟು. ಹೆಸರಿನಲ್ಲಿ ಪತ್ರಿಕೆಯ ಕೋಡ್, ಸೆಮಿಸ್ಟರ್ ಬೇಡ. ನಮ್ಮಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಶಿಕ್ಷಣ ನೀತಿಯ ಚೌಕಟ್ಟು. ಕೋಡ್ ಬದಲಾದರೂ ದ್ವಿದಳ ಕಾಂಡದ ರಚನೆ ಬದಲಾಗುವುದಿಲ್ಲ. ಪಾಠವನ್ನು ವಿಷಯದ ಹೆಸರಲ್ಲಿ ಇಟ್ಟು, ಯಾವ ಪಠ್ಯಕ್ರಮದ ಯಾವ ಘಟಕಕ್ಕೆ ಯಾವುದು ಎಂಬ ಒಂದು ಪುಟವನ್ನು ಮಾತ್ರ ಬದಲಿಸುತ್ತಿರಿ.

ಪಾಠವನ್ನು ಧ್ವನಿಯಲ್ಲೂ ಕೊಡುವುದಾದರೆ 64 ಕಿಲೋಬಿಟ್ ಮೊನೊ ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ. ಹದಿನೈದು ನಿಮಿಷಕ್ಕೊಂದು ತುಂಡು ಮಾಡಿದರೆ ಏಳು ಎಂಬಿ ಚಿಲ್ಲರೆ. ಫ್ಯಾನ್ ಆರಿಸಿ ರೆಕಾರ್ಡ್ ಮಾಡಿ. ಆ ಗುಂಯ್ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಸ, ಶ, ಷ ಮಸುಕಾಗುತ್ತವೆ. ವಿಡಿಯೊ ಯೂಟ್ಯೂಬ್‌ಗೆ ಹಾಕುವುದಾದರೆ ಅಲ್ಲಿ ಆಯ್ದುಕೊಳ್ಳಲು ಸಿಗುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆಟ್ರಿಬ್ಯೂಷನ್ ಒಂದೇ, ಶೇರ್‌ಅಲೈಕ್ ಇಲ್ಲ. ನಮ್ಮ ಷರತ್ತನ್ನು ವಿವರಣೆಯಲ್ಲಿ ಬರೆಯಬೇಕು.

ಇಡುವ ಜಾಗ ಒಂದೇ ಆಗಬಾರದು. ಸಂಸ್ಥೆಯ ಜಾಲತಾಣ ಹೊಸದಾಗಿ ಕಟ್ಟಿದಾಗ ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ. ಆದ್ದರಿಂದ ಪೂರ್ತಿ ಕಟ್ಟನ್ನು ಝೆನೊಡೊದಲ್ಲಿ ಇಡುತ್ತೇನೆ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಈ ಭಂಡಾರದಲ್ಲಿ ಒಂದು ದಾಖಲೆಗೆ 50 ಜಿಬಿ ತನಕ ಉಚಿತ, ದಾಖಲೆಯನ್ನು ಗುರುತಿಸುವ ಶಾಶ್ವತ ಡಿಒಐ ಸಂಖ್ಯೆ ಸಿಗುತ್ತದೆ. ಅಲ್ಲಿ ಎರಡು ಬಗೆಯ ಸಂಖ್ಯೆ ಬರುತ್ತದೆ: ಆ ಆವೃತ್ತಿಯದು ಒಂದು, ಎಲ್ಲ ಆವೃತ್ತಿಗಳಿಗೂ ಸೇರಿ ಒಂದು. ವಿದ್ಯಾರ್ಥಿಗಳಿಗೆ ಎರಡನೆಯದನ್ನು ಕೊಡಿ, ಅದು ಯಾವಾಗಲೂ ಹೊಸ ಪ್ರತಿಗೇ ಕರೆದೊಯ್ಯುತ್ತದೆ. ಏರಿಸಿ ಪ್ರಕಟಿಸಿದ ಮೇಲೆ ಫೈಲನ್ನು ಬದಲಿಸಲು ಸಾಮಾನ್ಯವಾಗಿ ಹೊಸ ಆವೃತ್ತಿಯನ್ನೇ ಮಾಡಬೇಕಾಗುತ್ತದೆ, ಹಾಗಾಗಿ ಬಿಡಿ ಬಿಡಿ ತಿದ್ದುಪಡಿ ಏರಿಸದೆ ಸೆಮಿಸ್ಟರಿಗೊಮ್ಮೆ ಒಟ್ಟಿಗೆ ಮಾಡುತ್ತೇನೆ.

ಪ್ರತಿ ಕಟ್ಟಿನಲ್ಲಿ ‘ತಿದ್ದುಪಡಿ’ ಎಂಬ ಫೈಲೊಂದು ಇರುತ್ತದೆ: ದಿನಾಂಕ, ಯಾವ ಪಾಠ, ಮೊದಲು ಏನಿತ್ತು, ಈಗ ಏನು, ತಪ್ಪು ತೋರಿಸಿದವರು ಒಪ್ಪಿದ್ದರೆ ಅವರ ಹೆಸರು. ಪಾಠವನ್ನು ಎತ್ತಿಕೊಂಡು ತಮ್ಮಂತೆ ಬದಲಿಸಿಕೊಂಡ ಅಧ್ಯಾಪಕರು ಹೊಸ ಆವೃತ್ತಿ ಬಂದಾಗ ಮೊದಲು ತೆರೆಯುವುದು ಆ ಫೈಲನ್ನೇ. ತಮ್ಮ ಪ್ರತಿಯಲ್ಲಿ ಎಲ್ಲಿ ಕೈಯಾಡಿಸಬೇಕು ಎಂದು ಅವರಿಗೆ ಅದರಲ್ಲಿ ಸಿಗುತ್ತದೆ.