ಪಾಸ್ಕ ಹಬ್ಬದಂದು ಒಲೆಗೆ ಬೆನ್ನು ಹಾಕಿದ್ದು

ಮಂಗಳೂರು ಕಡೆಯ ನಮ್ಮ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಊರವರ ಹಬ್ಬ, ಈಸ್ಟರ್ (ನಮ್ಮ ಪಾಸ್ಕ) ಮನೆಯವರ ಹಬ್ಬ. ಡಿಸೆಂಬರಿನಲ್ಲಿ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ನೆರೆಮನೆಗಳಿಗೆಲ್ಲ ಹೋಗಬೇಕು. ಮರಿಯಮ್ಮನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಹೊಸ ತೆನೆಯ ಊಟ, ಬೆಸಸಂಖ್ಯೆಯಲ್ಲಿ ತರಕಾರಿ ಪದಾರ್ಥ. ಪಾಸ್ಕ ಹಬ್ಬಕ್ಕೆ ಅಂಥ ಕಟ್ಟುಪಾಡೇನೂ ಇಲ್ಲ. ಆದರೂ ಆ ಭಾನುವಾರ ಊಟದ ಹೊತ್ತಿಗೆ ನಾನೂ ಅತ್ತೆಯೂ ಬೆವರಿನಲ್ಲಿ ತೊಯ್ದು, ಬಡಿಸುವುದಷ್ಟೇ ಸಾಕು, ತಿನ್ನುವುದು ಬೇಡ ಎನ್ನುವ ಸ್ಥಿತಿಯಲ್ಲಿರುತ್ತಿದ್ದೆವು. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಎರಡು ಒಲೆ ಉರಿಸಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಡುಗಡೆಯ ದಾರಿ ಇಗರ್ಜಿಯ (ಚರ್ಚಿನ) ವೇಳಾಪಟ್ಟಿಯಲ್ಲೇ ಇತ್ತು. ಶನಿವಾರ ರಾತ್ರಿಯ ಜಾಗರಣೆಯ ಬಲಿಪೂಜೆಗೆ (ಮಾಸ್‌ಗೆ) ಹೋದರೆ ಭಾನುವಾರದ ಪೂಜೆಯ ಕರ್ತವ್ಯವೂ ಸಂದಂತೆ. ಹಾಗಾದರೆ ಭಾನುವಾರ ಬೆಳಿಗ್ಗೆ ಯಾರೂ ಓಡಬೇಕಿಲ್ಲ. ಉಳಿದದ್ದು ಅಡುಗೆ. ಅದನ್ನೂ ಹಬ್ಬದ ಹಿಂದಿನ ದಿನಗಳಿಗೆ ತಳ್ಳಿದೆ.

ಮೊದಲು ಪದಾರ್ಥಗಳನ್ನು ಕಡಿಮೆ ಮಾಡಿದೆ: ಸನ್ನ (ಉಗಿಯಲ್ಲಿ ಬೇಯಿಸುವ, ಇಡ್ಲಿಯಂಥ ತಿಂಡಿ), ಹಂದಿಮಾಂಸದ ಬಫಾತ್ (ಹುಳಿಖಾರದ ಮಸಾಲೆ ಪದಾರ್ಥ), ಒಂದು ಸೌತೆಕಾಯಿ ಸಲಾಡ್. ಕೋಳಿ ಸಾರೂ ಪಲಾವೂ ಇಲ್ಲದ ಹಬ್ಬವೇ ಎಂದು ನಮ್ಮವರು ಮುಖ ಸಣ್ಣ ಮಾಡಿದರು. ಬೇಕಿದ್ದರೆ ನೀವೇ ಮಾಡಿ ಎಂದೆ. ಆ ಮಾತು ಮತ್ತೆ ಏಳಲಿಲ್ಲ.

ಮೊಟ್ಟೆಯಾಕಾರದ ಸಿಹಿಯಾದ ಮಾರ್ಜಿಪಾನ್ ಮೊಟ್ಟೆಗಳ ಕೆಲಸ ಹಬ್ಬಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರವೇ ಶುರು. ಬಾದಾಮಿಯ ಬದಲು ನಮ್ಮಲ್ಲಿ ಗೇರುಬೀಜ. ಬೀಜವನ್ನು ಗುಲಾಬಿನೀರು ಹಾಕಿ ನುಣ್ಣಗೆ ಅರೆದು, ಹೆಚ್ಚುಕಡಿಮೆ ಅಷ್ಟೇ ತೂಕದ ಸಕ್ಕರೆಪುಡಿ, ಕಾಲು ಕಿಲೋಗೆ ಒಂದರಂತೆ ಮೊಟ್ಟೆಯ ಬಿಳಿ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಬಾಣಲೆಯ ಬದಿ ಬಿಟ್ಟು ಮುದ್ದೆಯಾದಾಗ ಇಳಿಸಬೇಕು. ಒಂದು ಚಿಟಿಕೆ ತಟ್ಟೆಗೆ ಹಾಕಿ ಉರುಟು ಮಾಡಿದರೆ ಬೆರಳಿಗೆ ಅಂಟಬಾರದು, ಅದೇ ಪರೀಕ್ಷೆ. ತಣಿದ ಮೇಲೆ ನಾದಿ, ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ವಾರವೇನು, ಇನ್ನೂ ಹೆಚ್ಚು ದಿನ ಕೆಡುವುದಿಲ್ಲ. ಅಚ್ಚಿಗೆ ಒತ್ತುವ, ಬಣ್ಣ ಹಚ್ಚುವ ಕೆಲಸ ನನ್ನದಲ್ಲ, ಮಕ್ಕಳದು.

ಶುಭ ಶುಕ್ರವಾರ ಅಡುಗೆಮನೆಗೆ ತಾನಾಗಿಯೇ ರಜೆ. ಹದಿನೆಂಟರಿಂದ ಐವತ್ತೊಂಬತ್ತು ವಯಸ್ಸಿನವರಿಗೆ ಉಪವಾಸ, ಅಂದರೆ ಒಂದೇ ಹೊತ್ತಿನ ಪೂರ್ಣ ಊಟ. ಹದಿನಾಲ್ಕು ದಾಟಿದವರಿಗೆಲ್ಲ ಮಾಂಸ ವರ್ಜ್ಯ. ಅತ್ತೆ ಉಪವಾಸದ ಲೆಕ್ಕದಿಂದ ಎಂದೋ ಹೊರಬಿದ್ದವರು. ಆದರೂ ಅವರೇ ಎಲ್ಲರಿಗಿಂತ ಬಿಗಿ. ‘ನೀವು ತಿನ್ನಬಹುದು ಮಾಂಯ್’ ಎಂದರೆ, ‘ಮೊದಲು ನಿನ್ನ ಚಹಾ ಬಿಡು’ ಎನ್ನುತ್ತಾರೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಆ ಹೊತ್ತಿಗೆ ಸಿಗುವ ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ. ಇಷ್ಟು ರುಚಿಯಾದ ಪಲ್ಯ ಉಪವಾಸಕ್ಕೆ ಸಲ್ಲುತ್ತದೆಯೇ ಎಂದು ಗುರುಗಳನ್ನು ನಾನಂತೂ ಕೇಳಲು ಹೋಗಿಲ್ಲ. ಅಂದು ಬಲಿಪೂಜೆ ಇಲ್ಲ, ಪೀಠ ಬರಿದು, ಗಂಟೆಯೂ ಮೌನ. ಸಂಜೆ ಇಗರ್ಜಿಯಿಂದ ಬಂದ ಮೇಲೆ ಟೀವಿ ಹಚ್ಚುವುದಿಲ್ಲ. ಹಾಗಾಗಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಗ ನಿದ್ದೆ ತೀರಿಸಿಕೊಳ್ಳುತ್ತಾನೆ.

ನಿಜವಾದ ಅಡುಗೆ ಶನಿವಾರ ಬೆಳಿಗ್ಗೆ. ಮಾಂಸದ ಅಂಗಡಿಯಲ್ಲಿ ಅಂದು ಸಾಲು ಬೀದಿಗೆ ಬರುತ್ತದೆ, ಆದ್ದರಿಂದ ಬುಧವಾರವೇ ಹೇಳಿಟ್ಟು, ನಮ್ಮವರನ್ನು ಬೆಳಕು ಹರಿಯುವ ಮುನ್ನ ಕಳುಹಿಸುತ್ತೇನೆ. ಚರ್ಮ, ಕೊಬ್ಬು ಎರಡೂ ಇರಬೇಕು. ಬರೀ ಮಾಂಸದ ಬಫಾತ್ ಒಣಗಿದ ಉಪದೇಶದಂತೆ ಗಂಟಲಲ್ಲಿ ಇಳಿಯುವುದಿಲ್ಲ. ಕಿಲೋ ಮಾಂಸಕ್ಕೆ ಮೂರು ದೊಡ್ಡ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಮೂರ್ನಾಲ್ಕು ದೊಡ್ಡ ಚಮಚ ಬಫಾತ್ ಪುಡಿ, ಉಪ್ಪು, ವಿನೆಗರ್. ಪುಡಿಯ ಜೀವ ಬ್ಯಾಡಗಿ ಮೆಣಸು. ಜೊತೆಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ. ಎಲ್ಲವನ್ನೂ ಕೈಯಲ್ಲೇ ಕಲಸಿ ಅರ್ಧ ಗಂಟೆ ಬಿಟ್ಟು, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಮುಚ್ಚಿಡುತ್ತೇನೆ. ಈರುಳ್ಳಿಯ ನೀರು, ಮಾಂಸದ ಕೊಬ್ಬು ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ. ಕುಕ್ಕರ್ ನನಗೆ ಒಗ್ಗಿಲ್ಲ. ಸಮಯ ಉಳಿಯುತ್ತದೆ, ಆದರೆ ಚರ್ಮ ಕರಗಿಹೋಗುತ್ತದೆ. ಬಫಾತ್ ಮರುದಿನವೇ ರುಚಿ, ಹುಳಿ ಖಾರ ಅಷ್ಟರಲ್ಲಿ ಒಳಗಿಳಿದಿರುತ್ತದೆ. ಇದು ತಲೆಮಾರುಗಳಿಂದ ಗೊತ್ತಿದ್ದ ಸಂಗತಿ, ಆದರೂ ಹಬ್ಬದ ದಿನವೇ ಬೇಯಿಸುವ ಹಟ ಏಕಿತ್ತೋ.

ಅಂದು ಮಧ್ಯಾಹ್ನ ಮಕ್ಕಳು ಅಚ್ಚಿಗೆ ಸಕ್ಕರೆಪುಡಿ ಉದುರಿಸಿ ಮೊಟ್ಟೆಯ ಅರ್ಧಗಳನ್ನು ಒತ್ತುತ್ತಾರೆ, ಒಳಗೆ ಚಾಕೊಲೇಟ್ ಇಟ್ಟು ಮೊಟ್ಟೆಯ ಬಿಳಿಯಿಂದ ಅಂಟಿಸುತ್ತಾರೆ. ಅರ್ಧಕ್ಕರ್ಧ ಹೊಟ್ಟೆಗೆ ಹೋಗುತ್ತದೆ. ಸನ್ನಕ್ಕೆಂದು ಬೆಳಿಗ್ಗೆ ನೆನೆಸಿದ ಮೂರು ಅಳತೆ ಇಡ್ಲಿ ಕುಚ್ಚಲಕ್ಕಿ, ಒಂದು ಅಳತೆ ಉದ್ದನ್ನು ಸಂಜೆ ರುಬ್ಬಿ ಫ್ರಿಜ್ಜಿಗೆ ಸೇರಿಸಿ ಜಾಗರಣೆಗೆ ಹೊರಡುತ್ತೇವೆ. ಅಂಗಳದಲ್ಲಿ ಹೊಸ ಬೆಂಕಿ, ಆ ವರ್ಷದ ಅಂಕೆ ಕೊರೆದ ದೊಡ್ಡ ಮೇಣದಬತ್ತಿ, ಕತ್ತಲಲ್ಲಿ ಕೈಯಿಂದ ಕೈಗೆ ದಾಟುವ ದೀಪ, ಉದ್ದುದ್ದ ವಾಚನಗಳು. ಗ್ಲೋರಿಯಾ ಹಾಡುವಾಗ ಗುರುವಾರದಿಂದ ಸುಮ್ಮನಿದ್ದ ಗಂಟೆ ಬಾರಿಸುತ್ತದೆ. ಚಿಕ್ಕವಳು ಅದಕ್ಕೆ ಮೊದಲೇ ತಂದೆಯ ಭುಜಕ್ಕೊರಗಿ ನಿದ್ದೆ ಹೋಗಿರುತ್ತಾಳೆ.

ಭಾನುವಾರ ಎಂಟಕ್ಕೆ ಎದ್ದು ಹಿಟ್ಟನ್ನು ಹೊರಗಿಟ್ಟು, ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿದ ಯೀಸ್ಟ್ ಸೇರಿಸುತ್ತೇನೆ. ಹಿಂದೆ ಇದಕ್ಕೆ ಶೇಂದಿಯೇ. ಅದರ ಪರಿಮಳ ಯೀಸ್ಟಿಗೆ ಬರುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಸಿಗಬೇಕಲ್ಲ. ನಮ್ಮ ಸೆಕೆಯಲ್ಲಿ ಎರಡು ಗಂಟೆಯೊಳಗೆ ಹಿಟ್ಟು ಉಬ್ಬಿ ನಿಲ್ಲುತ್ತದೆ. ಸೌಟಿನಿಂದ ಕಲಕದೆ ಮೆಲ್ಲಗೆ ಬಟ್ಟಲುಗಳಿಗೆ ಅರ್ಧ ತುಂಬಿಸಿ ಉಗಿಯಲ್ಲಿ ಬೇಯಿಸುವುದು, ಬಫಾತ್ ಬಿಸಿಮಾಡುವುದು, ಅಷ್ಟೇ. ಊಟವಾದ ಮೇಲೆ ಪಾತ್ರೆ ಗಂಡಸರ ಪಾಲು. ಅತ್ತೆ ಜಗಲಿಯಲ್ಲಿ ಮೊಮ್ಮಕ್ಕಳೊಡನೆ ಇಸ್ಪೀಟು ಹಾಕುತ್ತಾರೆ, ಮೋಸವನ್ನೂ ಮಾಡುತ್ತಾರೆ.

ಸೋಮವಾರ ಕಚೇರಿಗೆ ರಜೆಯಿಲ್ಲ, ಮಗನಿಗೆ ಭಾನುವಾರ ರಾತ್ರಿಯೇ ಬಸ್ಸು. ಅವನಿಗೆಂದು ಒಂದಷ್ಟು ಬಫಾತನ್ನು ರಸ ಬತ್ತುವವರೆಗೆ ಕುದಿಸಿ ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಡುತ್ತೇನೆ. ಡಬ್ಬಿ ಮರಳಿ ಬರುವುದಿಲ್ಲ, ಈ ಬಾರಿ ಐಸ್‌ಕ್ರೀಮಿನ ಹಳೆಯ ಪ್ಲಾಸ್ಟಿಕ್ ಡಬ್ಬಿಯೇ ಸಾಕು ಎಂದುಕೊಂಡಿದ್ದೇನೆ.