ರೆಸಾರ್ಟ್ ಬೇಡ, ಒಂದು ಮನೆ ಸಾಕು: ಅಜ್ಜಿ, ಮಕ್ಕಳ ಸಮೇತ ಕರಾವಳಿಯಲ್ಲಿ ನಾಲ್ಕು ದಿನ

ಬೀಚ್ ಟ್ರಿಪ್ ಅಂದ ಕೂಡಲೇ ಊಟ, ತಿಂಡಿ, ಈಜುಕೊಳ, ಡಿಜೆ ಎಲ್ಲಾ ಸೇರಿಸಿ ತಲೆಗೆ ಇಷ್ಟು ಅಂತ ರೆಸಾರ್ಟಿನವರು ಹೇಳುವ ಲೆಕ್ಕ ಕೇಳಿ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಅಜ್ಜಿ, ತಾತ, ಇಬ್ಬರು ಮಕ್ಕಳು ಸೇರಿದರೆ ಆ ಲೆಕ್ಕ ಸಣ್ಣದಲ್ಲ. ಅಷ್ಟು ಕೊಟ್ಟ ಮೇಲೆ ಅದನ್ನು ವಸೂಲಿ ಮಾಡೋ ಯೋಚನೆ ಬೇರೆ. ಬೆಳಗ್ಗೆ ಬಫೆ ತಪ್ಪಬಾರದು, ಮಧ್ಯಾಹ್ನ ಬಫೆ ತಪ್ಪಬಾರದು, ಮಕ್ಕಳು ಈಜುಕೊಳ ಬಿಟ್ಟು ಬರಲ್ಲ, ಸಮುದ್ರಕ್ಕೆ ಹೋಗೋದು ಸಂಜೆ ಫೋಟೋಗೆ ಮಾತ್ರ.

ನಮ್ಮ ಕರಾವಳಿಗೆ ಹೋಗೋಕೆ ಇದ್ಯಾವುದೂ ಬೇಕಿಲ್ಲ. ಒಂದು ಊರು ಹಿಡಿಯಿರಿ, ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಮನೆ ಹಿಡಿಯಿರಿ, ನಾಲ್ಕು ದಿನ ಅಲ್ಲೇ ಇರಿ. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಅಂತ ಕಾರವಾರದಿಂದ ಮಂಗಳೂರಿನವರೆಗೆ ಓಡುವ ಪ್ಲ್ಯಾನ್ ಮಾಡಿದ್ದರೆ ದಯವಿಟ್ಟು ಬಿಟ್ಟುಬಿಡಿ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ದಿನಾ ಬ್ಯಾಗ್ ಕಟ್ಟಿ ಬಿಚ್ಚೋದೇ ದೊಡ್ಡ ಸುಸ್ತು.

ಯಾವ ಊರು? ನಾನು ಹೊನ್ನಾವರ, ಕುಮಟಾ ಕಡೆ ಹೇಳ್ತೀನಿ. ಗೋಕರ್ಣ ಚೆನ್ನಾಗಿದೆ, ಆದರೆ ವಾರಾಂತ್ಯಕ್ಕೆ ಅಲ್ಲಿ ಜನ ಜಾಸ್ತಿ. ಮಲ್ಪೆಯೂ ಹಾಗೇ. ಹೊನ್ನಾವರದ ಪಕ್ಕದ ಕಾಸರಕೋಡ, ಕುಮಟಾ ದಾರಿಯ ಧಾರೇಶ್ವರ, ಕುಮಟಾದ ಹತ್ತಿರದ ಬಾಡ, ಕಾಗಾಲ ಕಡೆ ಇನ್ನೂ ನಿಧಾನ ಉಳಿದಿದೆ. (ಮ್ಯಾಪಿನಲ್ಲಿ ಹುಡುಕುವಾಗ ಕೇರಳದ ಕಾಸರಗೋಡಿಗೆ ದಾರಿ ಹಾಕಿಕೊಳ್ಳಬೇಡಿ, ಇದು ಶರಾವತಿ ಸಮುದ್ರ ಸೇರುವ ಕಡೆ ಇರುವ ಕಾಸರಕೋಡ.) 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ದೇಶದ ಮೊದಲ ಎಂಟು ಬೀಚ್‌ಗಳಲ್ಲಿ ನಮ್ಮ ರಾಜ್ಯದ್ದು ಎರಡೇ, ಒಂದು ಇದು, ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಬ್ಲೂ ಫ್ಲ್ಯಾಗ್ ಅಂದರೆ ನಮಗೆ ಆಗೋ ಲಾಭ ಏನು? ಶೌಚಾಲಯ, ಸ್ನಾನಕ್ಕೆ ಸಿಹಿನೀರು, ಬಟ್ಟೆ ಬದಲಾಯಿಸಲು ಜಾಗ, ಕಾವಲಿಗೆ ಲೈಫ್‌ಗಾರ್ಡ್. ಮಕ್ಕಳ ಜೊತೆ ಹೋಗುವವರಿಗೆ ಇದು ಚಿಕ್ಕ ವಿಷಯ ಅಲ್ಲ.

ತಿಂಗಳು ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ, ಮಳೆಗಾಲದ ಸಮುದ್ರ ದಡದಲ್ಲಿ ನಿಂತು ನೋಡೋಕೆ ಮಾತ್ರ. ಮೀನುಗಾರರೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸುವಂತಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಹೋಗಲೇಬೇಕು ಅಂದರೆ ಹೋಗಿ, ಆದರೆ ಸೆಕೆಗೆ ತಯಾರಾಗಿ ಹೋಗಿ, ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡೋದು ಬೇಡ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮತ್ತು ಎಲ್ಲಾ ಲಾಂಗ್ ವೀಕೆಂಡ್ ಬಿಟ್ಟುಬಿಡಿ. ಆಗುವುದಾದರೆ ಭಾನುವಾರ ರಾತ್ರಿ ಹೊರಟು ಶುಕ್ರವಾರ ವಾಪಸ್ಸಾಗಿ. ಅದೇ ಮನೆಗೆ ಬಾಡಿಗೆ ಕಮ್ಮಿ, ಅದೇ ಬೀಚಿನಲ್ಲಿ ಜನ ಕಮ್ಮಿ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬಿಟ್ಟು ಬೆಳಗ್ಗೆ ಹೊನ್ನಾವರ, ಕುಮಟಾ ಮುಟ್ಟಿಸುತ್ತದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ರಜೆ ಹತ್ತಿರ ಇದ್ದರೆ ಆ ದಿನವೇ ಕೂತು ಮಾಡಿ, ಅಜ್ಜಿಗೆ ಕೆಳಗಿನ ಬರ್ತ್ ಬೇಕಲ್ವಾ. ಕಾರಿನಲ್ಲೇ ಹೋಗೋದಾದರೆ ಘಟ್ಟ ಇಳಿಯುವಾಗ ಮಕ್ಕಳ ಹೊಟ್ಟೆ ತುಂಬಿರಬಾರದು. ಶಿವಮೊಗ್ಗ, ಸಾಗರದ ಕಡೆಯಿಂದ ಬರುವವರಿಗೆ ಜೋಗದ ಮೇಲೆ ಗೇರುಸೊಪ್ಪ ಘಟ್ಟ ಇಳಿದು ನೇರ ಹೊನ್ನಾವರ. ಹುಬ್ಬಳ್ಳಿಯವರು ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಬಂದರೆ ಅಲ್ಲಿಂದ ಕುಮಟಾ ದೂರವಲ್ಲ.

ಈಗ ಮನೆ. ಇದರಲ್ಲೇ ಅರ್ಧ ಪ್ರವಾಸ ಇದೆ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ. ಆ್ಯಪಿನಲ್ಲಿ ಫೋಟೋ ನೋಡಿ ದುಡ್ಡು ಕಟ್ಟುವ ಮೊದಲು ಮನೆಯವರಿಗೆ ಫೋನ್ ಮಾಡಿ ಮಾತಾಡಿ. ಸಮುದ್ರಕ್ಕೆ ಎಷ್ಟು ದೂರ ಅಂತ ಕೇಳಿದರೆ ಎಲ್ಲರೂ "ಇಲ್ಲೇ ಹತ್ರ" ಅಂತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಹೋಗುವ ದಾರಿಯಲ್ಲಿ ಹೈವೇ ದಾಟಬೇಕಾ? ರಾಷ್ಟ್ರೀಯ ಹೆದ್ದಾರಿ 66 ಇಲ್ಲೆಲ್ಲಾ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ, ಮನೆ ಆ ಕಡೆ, ಬೀಚ್ ಈ ಕಡೆ ಆದರೆ ಮಕ್ಕಳನ್ನು ಕಟ್ಟಿಕೊಂಡು ಲಾರಿಗಳ ನಡುವೆ ದಿನಾ ನಾಲ್ಕು ಸಲ ದಾಟೋದು ಆಗದ ಮಾತು. ಕೋಣೆ ಕೆಳಗಿದೆಯಾ, ಮೆಟ್ಟಿಲು ಹತ್ತಬೇಕಾ? ಮಂಡಿನೋವಿನ ತಾತನಿಗೆ ಕಮೋಡ್ ಇದೆಯಾ? ಬಾವಿಯ ನೀರು ಉಪ್ಪಾ, ಸಿಹಿಯಾ? ಸಮುದ್ರದ ಹತ್ತಿರದ ಕೆಲವು ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ, ಆಗ ಕುಡಿಯೋಕೆ ಕ್ಯಾನ್ ತರಿಸಬೇಕು. ಕರೆಂಟ್ ಹೋದರೆ ಫ್ಯಾನ್ ತಿರುಗುತ್ತಾ? ಸೊಳ್ಳೆ ಪರದೆ ಕೊಡ್ತಾರಾ? ಹೊರಗೆ ಕಾಲು ತೊಳೆಯೋಕೆ ನಲ್ಲಿ ಇದೆಯಾ? ಇಲ್ಲದಿದ್ದರೆ ಹಾಸಿಗೆಯ ತುಂಬಾ ಮರಳು.

ಅಡುಗೆಯ ವಿಷಯ ಬಿಡಿಸಿ ಕೇಳಿ. ಈ ಕಡೆ ಎಷ್ಟೋ ಮನೆಗಳಲ್ಲಿ ಮೀನು ಒಳಗೆ ತರುವಂತಿಲ್ಲ, ಎಷ್ಟೋ ಮನೆಗಳಲ್ಲಿ ಮೀನಿಲ್ಲದೆ ಊಟವೇ ಇಲ್ಲ. ನೀವು ಯಾವ ಕಡೆಯವರೋ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಮುಜುಗರ ಇಲ್ಲ.

ಇನ್ನೊಂದು ಮಾತು, ಇದು ಗಂಡಸರು ಓದಲಿ ಅಂತಲೇ ಬರೆಯುತ್ತಿದ್ದೇನೆ. ಅಡುಗೆಮನೆ ಇರುವ ಮನೆ ಹಿಡಿದರೆ ದುಡ್ಡು ಉಳಿಯುತ್ತದೆ ನಿಜ, ಆದರೆ ಅಲ್ಲೂ ಮೂರು ಹೊತ್ತು ಅಮ್ಮನೋ ಹೆಂಡತಿಯೋ ಒಲೆ ಮುಂದೆ ನಿಂತರೆ ಅವರಿಗೆ ಅದು ರಜೆಯೇ ಅಲ್ಲ. ಹಾಗಾಗಿ ಹೊರಡುವ ಮೊದಲೇ ತೀರ್ಮಾನ ಮಾಡಿ. ತಿಂಡಿ ಊರಿನ ಸಣ್ಣ ಹೋಟೆಲಿನಲ್ಲಿ, ಬನ್ಸ್, ಅವಲಕ್ಕಿ, ಇಡ್ಲಿ, ಏನು ಬಿಸಿ ಇದೆಯೋ ಅದು. ಮಧ್ಯಾಹ್ನದ ಊಟ ಮನೆಯವರ ಹತ್ತಿರ ಹೇಳಿ ಮಾಡಿಸಿ, ತಲೆಗೆ ಇಷ್ಟು ಅಂತ ಕೊಡಿ. ಅಪ್ಪೆಹುಳಿ, ತಂಬುಳಿ, ಕುಚ್ಚಲಕ್ಕಿ ಅನ್ನ, ಮೀನು ತಿನ್ನುವವರಿಗೆ ಬಂಗಡೆ ಸಾರು, ಇದನ್ನು ಯಾವ ರೆಸಾರ್ಟಿನ ಬಫೆಯೂ ಹೀಗೆ ಬಡಿಸಲ್ಲ. ರಾತ್ರಿಗೆ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ, ಅದನ್ನು ಮಾಡೋದು ಮತ್ತು ಪಾತ್ರೆ ತೊಳೆಯೋದು ಗಂಡಸರು, ದೊಡ್ಡ ಮಕ್ಕಳು. ಕುಚ್ಚಲಕ್ಕಿ ಬೇಯೋಕೆ ಸಾಮಾನ್ಯ ಅಕ್ಕಿಗಿಂತ ಜಾಸ್ತಿ ಹೊತ್ತು ಬೇಕು, ಏಳು ಗಂಟೆಗೇ ಒಲೆ ಮೇಲಿಡಿ.

ಮೀನು ಕೊಳ್ಳುವವರು ಬೆಳಗ್ಗೆಯೇ ಹೋಗಿ. ಇಲ್ಲಿ ಬಂಗಡೆ, ತಾರ್ಲೆಯನ್ನು ಎಷ್ಟೋ ಕಡೆ ತಕ್ಕಡಿಗೆ ಹಾಕಲ್ಲ, ನೂರು ರೂಪಾಯಿಗೆ ಇಷ್ಟು ಅಂತ ಎಣಿಸಿ ಕೊಡ್ತಾರೆ. ಕಿವಿರು ಕೆಂಪಗಿರಬೇಕು, ಕಣ್ಣು ತಿಳಿಯಾಗಿರಬೇಕು. ಚೌಕಾಸಿ ಒಂದೆರಡು ಮಾತಿಗೆ ಸಾಕು, ಬುಟ್ಟಿ ಹೊತ್ತು ಬಂದ ಅಕ್ಕನ ಹತ್ತಿರ ಹತ್ತು ರೂಪಾಯಿಗೆ ಎಳೆದಾಡಬೇಡಿ. ಶೆಟ್ಲಿ (ಸಿಗಡಿ) ತಗೊಂಡರೆ ಸುಲಿದು ಕೊಡ್ತೀರಾ ಅಂತ ಕೇಳಿ ನೋಡಿ.

ದಿನ ಹೇಗಿರಬೇಕು ಅಂದರೆ, ಬೆಳಗ್ಗೆ ಆರೂವರೆಗೆ ನೀರಿನ ಹತ್ತಿರ ಇರಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ, ಅಲೆ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರು ಒರಟು. ಹಾಗಾಗಿ ಮಕ್ಕಳ ಆಟ ಒಂಬತ್ತರೊಳಗೆ, ಆಮೇಲೆ ಸ್ನಾನ, ತಿಂಡಿ, ಓದು, ಇಸ್ಪೀಟು, ಊಟ, ನಿದ್ದೆ. ಮತ್ತೆ ಹೊರಗೆ ಹೋಗೋದು ನಾಲ್ಕೂವರೆಗೆ. ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಎರಡನೇ ದಿನದ ಹೊತ್ತಿಗೆ ಮಕ್ಕಳು ಮೊಬೈಲ್ ಕೇಳೋದು ತಾನಾಗಿ ಕಮ್ಮಿ ಆಗುತ್ತದೆ, ಕರಟ, ಸ್ಟೀಲ್ ಲೋಟ, ಹಳೇ ಸೌಟು ಕೊಟ್ಟರೆ ಮರಳಲ್ಲಿ ಎರಡು ಗಂಟೆ ಕಳೀತಾರೆ.

ಅದೃಷ್ಟ ಇದ್ದರೆ ಬೆಳಗ್ಗೆ ಕೈರಂಪಣಿ ಎಳೆಯೋದು ಸಿಗುತ್ತದೆ. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬಂದಿರುತ್ತಾರೆ, ಅದರ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಡದಲ್ಲಿ ನಿಂತು ಹಿಂದಕ್ಕೆ ನಡೆಯುತ್ತಾ ಎಳೆಯುತ್ತಾರೆ. ಸಾಲುಗಳು ನಿಧಾನಕ್ಕೆ ಒಂದರ ಹತ್ತಿರ ಒಂದು ಬರುತ್ತವೆ, ಮೇಲೆ ಹದ್ದುಗಳು ಸುತ್ತೋಕೆ ಶುರು ಮಾಡುತ್ತವೆ, ಕೊನೆಗೆ ಬಲೆಯ ಚೀಲ ಮರಳಿಗೆ ಬಂದಾಗ ಒಳಗೆಲ್ಲಾ ಬೆಳ್ಳಗೆ ಮಿಣಮಿಣ ಅಂತ ಮೀನು ಹಾರುತ್ತಿರುತ್ತದೆ. ಮಕ್ಕಳನ್ನು ಹಗ್ಗದಿಂದ ದೂರ ನಿಲ್ಲಿಸಿ, ಅವರ ಕೆಲಸಕ್ಕೆ ಅಡ್ಡ ಬರಬೇಡಿ, ಕೇಳದೆ ಮುಖದ ಹತ್ತಿರ ಫೋನ್ ಹಿಡಿಯಬೇಡಿ.

ನೀರಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗೇ ಹೇಳ್ತೀನಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಇದೇ ಕರಾವಳಿಯ ಮುರುಡೇಶ್ವರದಲ್ಲಿ ನೀರುಪಾಲಾದರು. ಆಗ ಮಳೆಗಾಲ ಅಲ್ಲ, ಎಲ್ಲರೂ ಹೋಗುವ ಒಳ್ಳೇ ಸೀಸನ್. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಕಾಲು ಕೂಡ ಇಡಬೇಡಿ, ಶರಾವತಿ, ಅಘನಾಶಿನಿ ಎರಡೂ ಈ ಕಡೆಯೇ ಸಮುದ್ರ ಸೇರುವುದು, ಅಲ್ಲಿ ನೆಲ ದಿನಕ್ಕೊಂದು ತರ ಇರುತ್ತದೆ. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಅದು ಮಕ್ಕಳಿಗೆ ಒಳ್ಳೇ ಜಾಗ ಅಲ್ಲ, ಹೆಚ್ಚಿನ ಸಲ ಅದೇ ಸೆಳೆತ ಇರುವ ಜಾಗ. ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೋಗಿ ಸೋತು ಮುಳುಗುತ್ತಾರೆ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಮೊದಲು ಅದರಿಂದ ಹೊರಗೆ ಬರಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಮಕ್ಕಳು ಅವರ ಮೊಣಕಾಲಿನ ನೀರು ದಾಟಬಾರದು, ಅದೂ ಒಬ್ಬ ದೊಡ್ಡವರು ಅವರಿಗಿಂತ ಆಳದ ಕಡೆ ನಿಂತಿದ್ದರೆ ಮಾತ್ರ. ಯಾರ ಪಾಳಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ, "ಎಲ್ಲರೂ ನೋಡ್ತಾ ಇದ್ದೀವಿ" ಅಂದರೆ ಯಾರೂ ನೋಡ್ತಾ ಇಲ್ಲ ಅಂತಲೇ.

ಇಳಿಯುವ ಮೊದಲು ಅಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕೇಳಿ, "ಅಣ್ಣಾ, ಇಲ್ಲಿ ಇಳೀಬಹುದಾ?" "ಇಲ್ಲಿ ಬೇಡ ಮಾರಾಯ್ರೆ, ಆ ಬದಿಗೆ ಹೋಗಿ" ಅಂದರೆ ವಾದ ಮಾಡದೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಉಬ್ಬರ ಜಾಸ್ತಿ, ನಿನ್ನೆ ಚಾಪೆ ಹಾಕಿದ್ದ ಜಾಗಕ್ಕೆ ಇವತ್ತು ನೀರು ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಮನೆಯವರನ್ನು ಕೇಳಿದರೆ ಗಡಿಯಾರ ನೋಡದೆ ಹೇಳ್ತಾರೆ. ಕತ್ತಲಾದ ಮೇಲೆ ಯಾರೂ ನೀರಿಗಿಲ್ಲ.

ಬ್ಯಾಗಿಗೆ ತೆಳು ಹತ್ತಿ ಬಟ್ಟೆ, ಟೋಪಿ, ಕೊಡೆ, ಓಆರ್‌ಎಸ್, ಟಾರ್ಚ್, ಚಾಪೆ, ಮಕ್ಕಳ ಕೈಗೆ ಫೋನ್ ನಂಬರ್ ಬರೆದ ಪಟ್ಟಿ. ಜೀನ್ಸ್ ಬೇಡ, ಒದ್ದೆ ಆದರೆ ಒಣಗಲ್ಲ. ಕೊಬ್ಬರಿ ಎಣ್ಣೆ ಇರಲಿ, ಮಳೆಗಾಲದ ಮುಂಚೆ ಕೆಲವೊಮ್ಮೆ ಡಾಂಬರಿನಂಥ ಕಪ್ಪು ಉಂಡೆ ದಡಕ್ಕೆ ಬಂದು ಕಾಲಿಗೆ ಮೆತ್ತುತ್ತದೆ, ಸೋಪಿಗೆ ಹೋಗದ್ದು ಎಣ್ಣೆಗೆ ಹೋಗುತ್ತದೆ. ಜೆಲ್ಲಿ ಮೀನು ಸತ್ತು ಬಿದ್ದಿದ್ದರೂ ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ. ತಾಗಿದರೆ ಉಜ್ಜಬೇಡಿ, ಸಮುದ್ರದ ನೀರಲ್ಲೇ ತೊಳೆಯಿರಿ, ಉಸಿರಾಟಕ್ಕೆ ತೊಂದರೆ ಆದರೆ ತಕ್ಷಣ ಆಸ್ಪತ್ರೆಗೆ.

ಸುತ್ತಾಟ ಎರಡು ದಿನಕ್ಕೆ ಒಂದು ಸಾಕು, ಆಟೋ ಮಾತಾಡಿಕೊಂಡು ಹೋಗಿ. ಇಡಗುಂಜಿ ಗಣಪತಿ ಹಿರಿಯರಿಗೆ ಖುಷಿ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಕಾಲುದಾರಿ ಇದೆ, ಏಡಿ ನೋಡುತ್ತಾ ಮಕ್ಕಳು ಮುಂದೆ ಹೋಗಲ್ಲ. ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಮೇಲಿನಿಂದ ಸಮುದ್ರದ ನೋಟ. ಕುಮಟಾ ಕಡೆ ಇದ್ದರೆ ಮಿರ್ಜಾನ ಕೋಟೆ. ರಾತ್ರಿ ಎಲ್ಲಾದರೂ ಬಯಲಾಟ ಇದೆಯಾ ಅಂತ ಮನೆಯವರನ್ನು ತಪ್ಪದೆ ಕೇಳಿ, ನವೆಂಬರ್‌ನಿಂದ ಮೇವರೆಗೆ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ, ಬಯಲಾಟಕ್ಕೆ ಟಿಕೆಟ್ ಇಲ್ಲ, ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋದರೂ ಚಂಡೆ ಸದ್ದಿಗೆ ಎದ್ದು ಕೂರ್ತಾರೆ. ಕಾಸರಕೋಡದ ಟೊಂಕ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ಮರಳಲ್ಲಿ ಬಲೆ ಕಟ್ಟಿ ಕಾದಿಟ್ಟ ಜಾಗ ಕಂಡರೆ ದೂರದಿಂದಲೇ ತೋರಿಸಿ, ಟಾರ್ಚ್ ಬೆಳಕು ಹಾಕಬೇಡಿ.

ಮಾರ್ಚ್ ನಂತರ ಹೋದವರು ಬರುವಾಗ ಕುಮಟಾ ಹತ್ತಿರ ಹೈವೇ ಬದಿಯಲ್ಲಿ ಜಡೆ ಹೆಣೆದು ನೇತುಹಾಕಿದ ಸಿಹಿ ಈರುಳ್ಳಿ ತನ್ನಿ, ಖಾರ ಇಲ್ಲ, ಮನೆಯಲ್ಲಿ ಗಾಳಿಗೆ ತೂಗುಹಾಕಿದರೆ ತುಂಬಾ ದಿನ ಇರುತ್ತದೆ.

ವಾಪಸ್ ಪಂಚಗಂಗಾ ಹತ್ತುವುದು ಸಂಜೆಗೆ, ಮನೆ ಬಿಡಬೇಕಾದದ್ದು ಬೆಳಗ್ಗೆ ಹತ್ತಕ್ಕೋ ಹನ್ನೊಂದಕ್ಕೋ. ನಡುವಿನ ಹೊತ್ತು ಮಕ್ಕಳನ್ನು, ವಯಸ್ಸಾದವರನ್ನು ಕಟ್ಟಿಕೊಂಡು ಸ್ಟೇಷನ್ನಿನಲ್ಲಿ ಕೂರೋದು ಬೇಡ. ಒಂದು ಕೋಣೆ ಸಂಜೆವರೆಗೆ ಇಟ್ಟುಕೊಳ್ಳಬಹುದಾ, ಅದಕ್ಕೆ ಎಷ್ಟು ಕೊಡಬೇಕು ಅಂತ ಮೊದಲ ಫೋನಿನಲ್ಲೇ ಕೇಳಿ. ಹೊರಡುವ ದಿನ ಕೇಳಿದರೆ ಅಷ್ಟೊತ್ತಿಗೆ ಆ ಕೋಣೆ ಬೇರೆಯವರಿಗೆ ಮಾತಾಗಿರುತ್ತದೆ.