ಬೇಸಿಗೆಗೆ ಒಂದು ಹಳೆಯ ಚಿತ್ರ, ಒಂದು ಹೊಸ ಚಿತ್ರ: ಜೋಡಿಯಾಗಿ ನೋಡುವ ಬಗೆ

ಬೇಸಿಗೆಯಲ್ಲಿ ನೋಡಲು ಒಳ್ಳೆಯ ಸಿನಿಮಾಗಳನ್ನು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಈಗ ಐವತ್ತು ಹೆಸರುಗಳ ಪಟ್ಟಿ ಕೊಡುವುದಿಲ್ಲ. ಅಂತಹ ಪಟ್ಟಿಗಳನ್ನು ಹಲವು ಬಾರಿ ಕೊಟ್ಟು ನೋಡಿದ್ದೇನೆ. ಪಡೆದವರು ಅದರಲ್ಲಿನ ಹೊಸ ಚಿತ್ರಗಳನ್ನು ಬೇಗ ನೋಡಿ ಮುಗಿಸುತ್ತಾರೆ, ಹಳೆಯವನ್ನು ಇನ್ನೊಂದು ದಿನಕ್ಕೆ ಎಂದು ಎತ್ತಿಡುತ್ತಾರೆ, ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಆದ್ದರಿಂದ ಒಂದು ಹಳೆಯ ಚಿತ್ರಕ್ಕೆ ಒಂದು ಹೊಸ ಚಿತ್ರವನ್ನು ಜೊತೆ ಮಾಡಿ, ಎರಡನ್ನೂ ಒಂದೇ ವಾರದೊಳಗೆ ನೋಡಿ ಎಂದು ಹೇಳುವುದನ್ನು ರೂಢಿಸಿಕೊಂಡಿದ್ದೇನೆ. ಹೊಸದು ಎಂದರೆ ಈ ವರ್ಷದ್ದೇ ಆಗಬೇಕೆಂದಿಲ್ಲ. ತನ್ನ ಜೋಡಿಗಿಂತ ಒಂದು ತಲೆಮಾರಾದರೂ ಈಚಿನದಾಗಿದ್ದರೆ ಸಾಕು. ಎರಡರ ನಡುವೆ ಇರಬೇಕಾದ ನಂಟು ಮಾತ್ರ ಗಟ್ಟಿಯಾಗಿರಬೇಕು: ಒಂದೇ ಬಗೆಯ ಸನ್ನಿವೇಶ, ಒಂದೇ ಬಗೆಯ ಕಥಾರಚನೆ, ಅಥವಾ ಒಂದೇ ಪ್ರಶ್ನೆ.

ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎಂಟು ವಾರಗಳ ಬಿಡುವಿದ್ದರೆ ಏಳು ಜೋಡಿಗಳನ್ನು ಆರಿಸಿಕೊಂಡು ಕೊನೆಯ ವಾರವನ್ನು ಖಾಲಿ ಬಿಡಿ. ಯಾವುದನ್ನು ಮೊದಲು ನೋಡಬೇಕೆಂಬುದು ನೋಡುವವರನ್ನು ಅವಲಂಬಿಸಿದೆ. ಕಪ್ಪು-ಬಿಳುಪು ಚಿತ್ರವೆಂದರೆ ಹಿಂಜರಿಯುವವರು ಹೊಸದರಿಂದ ಆರಂಭಿಸಿ, ಅದರ ನೆನಪು ಆರುವ ಮೊದಲೇ, ಅಂದರೆ ಎರಡು ಮೂರು ದಿನಗಳೊಳಗೆ, ಹಳೆಯದನ್ನು ನೋಡಬೇಕು. ಹಳೆಯ ಚಿತ್ರಗಳ ನಡೆ ಈಗಾಗಲೇ ಒಗ್ಗಿದವರಿಗೆ ಕಾಲಕ್ರಮವೇ ಹೆಚ್ಚು ಸಂತೋಷ ಕೊಡುತ್ತದೆ.

ಮೊದಲ ಜೋಡಿಯನ್ನು ಬೇಸಿಗೆಯ ಕಥೆಯಿಂದಲೇ ಆರಿಸಿಕೊಳ್ಳಿ. ಸಿಡ್ನಿ ಲುಮೆಟ್ ಅವರ ಮೊದಲ ಚಲನಚಿತ್ರವಾದ '12 ಆ್ಯಂಗ್ರಿ ಮೆನ್' (1957) ಕೇವಲ 96 ನಿಮಿಷಗಳದ್ದು, ಮತ್ತು ಅದರ ಬಹುಪಾಲು ನಡೆಯುವುದು ಒಂದೇ ಕೋಣೆಯಲ್ಲಿ. ವರ್ಷದ ಅತ್ಯಂತ ಸೆಕೆಯ ದಿನ, ತಿರುಗದ ಫ್ಯಾನು, ಹನ್ನೆರಡು ಮಂದಿ ಜ್ಯೂರಿ ಸದಸ್ಯರು. ಹುಡುಗನೊಬ್ಬ ಕೊಲೆಗಾರನೆಂದು ಹನ್ನೊಂದು ಮಂದಿ ಕೈಯೆತ್ತುತ್ತಾರೆ, ಒಬ್ಬ ಮಾತ್ರ ಎತ್ತುವುದಿಲ್ಲ. ಇದನ್ನು ಮಾತಿನ ಚಿತ್ರವೆಂದು ಹೇಳುವುದು ವಾಡಿಕೆಯಾದರೂ, ನನ್ನ ಮಟ್ಟಿಗೆ ಇದು ಕ್ಯಾಮೆರಾದ ಚಿತ್ರ. ಆರಂಭದಲ್ಲಿ ಕ್ಯಾಮೆರಾ ಆ ಜನರ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ನಡುಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗಿಳಿಯುತ್ತದೆ. ಜೊತೆಗೆ ಲೆನ್ಸ್‌ಗಳು ಹಂತಹಂತವಾಗಿ ಬದಲಾಗುವುದರಿಂದ ಗೋಡೆಗಳು ಹತ್ತಿರ ಸರಿದಂತೆ, ಚಾವಣಿ ತಲೆಯ ಮೇಲೆ ಕುಸಿಯುತ್ತಿರುವಂತೆ ಅನಿಸತೊಡಗುತ್ತದೆ. ಮಳೆ ಸುರಿದಾಗ ನೋಡುವವರಿಗೂ ಉಸಿರು ಬಂದಂತಾಗುವುದು ಈ ಲೆಕ್ಕಾಚಾರದ ಫಲ. ಇದರ ಜೋಡಿಯಾಗಿ ಸ್ಪೈಕ್ ಲೀ ಅವರ 'ಡು ದ ರೈಟ್ ಥಿಂಗ್' (1989) ನೋಡಿ. ಅಲ್ಲಿಯೂ ಅಂತಹದೇ ಸುಡುವ ಒಂದು ದಿನವಿದೆ, ಆದರೆ ಕೋಣೆಯ ಬದಲು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಬೀದಿಯಿದೆ, ಮತ್ತು ಸೆಕೆಯನ್ನು ತೋರಿಸಲು ಛಾಯಾಗ್ರಾಹಕ ಅರ್ನೆಸ್ಟ್ ಡಿಕರ್ಸನ್ ಕೆಂಪು, ಕಿತ್ತಳೆ ಬಣ್ಣಗಳನ್ನು ಪರದೆಯ ತುಂಬ ಹರಡಿದ್ದಾರೆ. ಮೊದಲ ಚಿತ್ರದಲ್ಲಿ ಕೋಪ ಮಾತಿನಲ್ಲಿ ಕರಗುತ್ತದೆ, ಎರಡನೆಯದರಲ್ಲಿ ಕರಗುವುದಿಲ್ಲ. ಹೀಗೇಕೆ ಎಂಬ ಪ್ರಶ್ನೆ ಎರಡನ್ನೂ ಒಟ್ಟಿಗೆ ನೋಡಿದವರಿಗಷ್ಟೇ ಏಳುತ್ತದೆ. ಒರಟು ಮಾತುಗಳೂ ಹಿಂಸೆಯೂ ಇರುವುದರಿಂದ ಎರಡನೆಯದನ್ನು ವಯಸ್ಕರಿಗೆ ಮಾತ್ರ ಸೂಚಿಸುತ್ತೇನೆ.

ಥ್ರಿಲ್ಲರ್ ಬಯಸುವವರಿಗೆ ಹೇಳುವುದು ಸುಲಭ. ಆಲ್ಫ್ರೆಡ್ ಹಿಚ್‌ಕಾಕ್ ಅವರ 'ರಿಯರ್ ವಿಂಡೋ' (1954) ಕೂಡ ಸೆಕೆಗಾಲದ ಕಥೆಯೇ. ಕಾಲು ಮುರಿದುಕೊಂಡು ಮನೆಯಲ್ಲಿ ಕುಳಿತ ಛಾಯಾಗ್ರಾಹಕನೊಬ್ಬ ಕಿಟಕಿಯಾಚೆಯ ನೆರೆಮನೆಗಳನ್ನು ನೋಡುತ್ತಾ ನೋಡುತ್ತಾ ಅಲ್ಲೊಂದು ಕೊಲೆ ನಡೆದಿದೆಯೆಂದು ಶಂಕಿಸುತ್ತಾನೆ. ಆ ಇಡೀ ವಠಾರವನ್ನು ಸ್ಟುಡಿಯೋದೊಳಗೆ ಕಟ್ಟಲಾಗಿತ್ತು. ಇದಕ್ಕೆ ಅನೀಶ್ ಚಾಗಂಟಿ ಅವರ 'ಸರ್ಚಿಂಗ್' (2018) ಜೊತೆಯಾಗಲಿ: ಕಾಣೆಯಾದ ಮಗಳನ್ನು ಹುಡುಕುವ ತಂದೆಯ ಕಥೆಯನ್ನು ಅದು ಕಂಪ್ಯೂಟರ್ ಮತ್ತು ಫೋನುಗಳ ಪರದೆಗಳ ಮೂಲಕವೇ ಹೇಳುತ್ತದೆ. ಕಿಟಕಿಯ ಜಾಗದಲ್ಲಿ ಪರದೆ ಬಂದಿದೆ, ಅಷ್ಟೇ. ಇಣುಕುವ ಕಣ್ಣು ಅದೇ.

ಓಟದ ಚಿತ್ರಗಳನ್ನು ಇಷ್ಟಪಡುವ ಹದಿಹರೆಯದವರಿಗೆ ಮೂಕಿ ಚಿತ್ರವನ್ನು ತೋರಿಸಲು ಒಂದು ದಾರಿಯಿದೆ. ಬಸ್ಟರ್ ಕೀಟನ್ ಅವರ 'ದಿ ಜನರಲ್' (1926) ಚಿತ್ರದಲ್ಲಿ ರೈಲು ಚಾಲಕನೊಬ್ಬ ಕಳವಾದ ತನ್ನ ಎಂಜಿನ್ನಿನ ಬೆನ್ನಟ್ಟಿ ಶತ್ರುಗಳ ನೆಲಕ್ಕೆ ಹೋಗಿ, ಅದೇ ಹಳಿಯ ಮೇಲೆ ಹಿಂದಿರುಗುತ್ತಾನೆ. ಜಾರ್ಜ್ ಮಿಲ್ಲರ್ ಅವರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' (2015) ಕೂಡ ಹೋಗಿ, ತಿರುಗಿ, ಬಂದ ದಾರಿಯಲ್ಲೇ ಮರಳುವ ಒಂದು ದೀರ್ಘ ಬೆನ್ನಟ್ಟುವಿಕೆಯೇ. ಇಲ್ಲಿ ಹೊಸದನ್ನೇ ಮೊದಲು ನೋಡಬೇಕು. ಅದರ ಅಬ್ಬರದ ನಂತರ, ಉರಿಯುವ ಸೇತುವೆಯಿಂದ ನಿಜವಾದ ಎಂಜಿನ್ನೊಂದು ನದಿಗೆ ಬೀಳುವ ಕೀಟನ್ ದೃಶ್ಯವನ್ನು ನೋಡಿದವರು ಬೆರಗಾಗದೆ ಇರುವುದನ್ನು ನಾನು ಕಂಡಿಲ್ಲ. ಕೀಟನ್ ಚಿತ್ರದ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಪಕ್ಷದವನು ಎಂಬುದನ್ನು ಮಾತ್ರ ಚಿಕ್ಕವರಿಗೆ ಮೊದಲೇ ತಿಳಿಸಬೇಕು. 'ಫ್ಯೂರಿ ರೋಡ್' ಚಿತ್ರದ ಹಿಂಸೆ ಸಣ್ಣ ಮಕ್ಕಳಿಗೆ ಹೇಳಿದ್ದಲ್ಲ.

ಮಕ್ಕಳಿಗಾಗಿ ನನ್ನ ಆಯ್ಕೆ ಹಯಾವೊ ಮಿಯಾಝಾಕಿ ಅವರ 'ಮೈ ನೇಬರ್ ಟೊಟೊರೊ' (1988). ತಾಯಿ ಆಸ್ಪತ್ರೆಯಲ್ಲಿರುವಾಗ ಹಳ್ಳಿಯ ಮನೆಗೆ ಬಂದ ಅಕ್ಕ ತಂಗಿಯರು ಅಲ್ಲಿನ ಮರಗಳ ನಡುವೆ ಒಂದು ದೊಡ್ಡ, ಮೆತ್ತನೆಯ ಜೀವಿಯನ್ನು ಕಾಣುತ್ತಾರೆ. ಖಳನಾಯಕನಿಲ್ಲದೆ 86 ನಿಮಿಷ ಮಕ್ಕಳನ್ನು ಹಿಡಿದಿಡುವುದು ಸಣ್ಣ ಸಾಧನೆಯಲ್ಲ. ಜೊತೆಗೆ ಸೆಲಿನ್ ಸಿಯಾಮಾ ಅವರ 'ಪತೀತ್ ಮಾಮಾಂ' (2021) ಇರಲಿ. ಅಜ್ಜಿ ತೀರಿಕೊಂಡ ಬಳಿಕ ಅವರ ಮನೆಯ ಹಿಂದಿನ ಕಾಡಿನಲ್ಲಿ ಎಂಟು ವರ್ಷದ ಹುಡುಗಿಗೆ ತನ್ನದೇ ವಯಸ್ಸಿನ ಇನ್ನೊಬ್ಬಳು ಸಿಗುತ್ತಾಳೆ, ಅವಳು ಯಾರೆಂಬುದು ನಿಧಾನವಾಗಿ ತಿಳಿಯುತ್ತದೆ. ಒಂದೂಕಾಲು ಗಂಟೆಗೂ ಕಡಿಮೆ ಅವಧಿಯ ಈ ಚಿತ್ರವನ್ನು ಮಕ್ಕಳು ಒಂಟಿಯಾಗಿ ನೋಡುವುದಕ್ಕಿಂತ ಅಮ್ಮನ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಜಪಾನಿನಲ್ಲಿ 'ಟೊಟೊರೊ' ಬಿಡುಗಡೆಯಾದಾಗ ಅದರ ಜೊತೆಯಲ್ಲೇ ಯುದ್ಧಕಾಲದ ಅನಾಥ ಮಕ್ಕಳ ಕಥೆಯಾದ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಪ್ರದರ್ಶನವಾಗಿತ್ತು. ಅದೂ ಮಹತ್ವದ ಚಿತ್ರವೇ, ಆದರೆ ದುಃಖ ಬಹಳ ಭಾರವಾದದ್ದು. ಆ ಜೋಡಿಯನ್ನು ಮಕ್ಕಳ ಮುಂದೆ ಮತ್ತೆ ಇಡಬೇಡಿ.

ಇಡೀ ಬೇಸಿಗೆಗೆ ಒಂದೇ ಜೋಡಿ ಸಾಕು ಎನ್ನುವವರಿಗೆ ನಾನು ಹೇಳುವುದು ಯಾಸುಜಿರೊ ಓಝು ಅವರ 'ಟೋಕಿಯೋ ಸ್ಟೋರಿ' (1953) ಮತ್ತು ಹಿರೊಕಾಜು ಕೊರೆಎಡಾ ಅವರ 'ಸ್ಟಿಲ್ ವಾಕಿಂಗ್' (2008). ಓಝು ಚಿತ್ರದಲ್ಲಿ ವಯಸ್ಸಾದ ತಂದೆ ತಾಯಿ ಮಕ್ಕಳನ್ನು ನೋಡಲು ಟೋಕಿಯೋಗೆ ಬರುತ್ತಾರೆ. ಮಕ್ಕಳು ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳೇ ರಜೆ ಕೇಳಿ ಪಡೆದು ಅವರನ್ನು ಊರು ಸುತ್ತಿಸುತ್ತಾಳೆ. ನೆಲದ ಮೇಲೆ ಕುಳಿತವರ ಎತ್ತರದಲ್ಲಿ ನಿಂತ ಕ್ಯಾಮೆರಾ ಅಲುಗುವುದೇ ಅಪರೂಪ. ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತಾ ಸಾಮಾನ್ಯ ಮಾತುಗಳನ್ನೇ ಆಡುತ್ತಾರೆ. ಮೊದಲ ಮುಕ್ಕಾಲು ಗಂಟೆಯಲ್ಲಿ ಏನೂ ನಡೆಯುತ್ತಿಲ್ಲವೆಂದು ಅನಿಸುವುದು ಸಹಜ. ಕೊನೆಯ ಅರ್ಧ ಗಂಟೆಯಲ್ಲಿ, ಅದುವರೆಗೆ ಆಡಿದ ಸಣ್ಣ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದು ನೋಯಿಸುತ್ತವೆ. 'ಸ್ಟಿಲ್ ವಾಕಿಂಗ್' ಇದರ ಮಗುಚಿದ ರೂಪ: ಇಲ್ಲಿ ಬೆಳೆದ ಮಕ್ಕಳು ತಂದೆ ತಾಯಿಯ ಮನೆಗೆ ಬರುತ್ತಾರೆ, ಬೇರೊಬ್ಬ ಹುಡುಗನನ್ನು ನೀರಿನಿಂದ ಕಾಪಾಡಲು ಹೋಗಿ ಸತ್ತ ಹಿರಿಯ ಮಗನನ್ನು ಸ್ಮರಿಸಲು. ಬದುಕುಳಿದ ಆ ಹುಡುಗನನ್ನು ತಾಯಿ ಪ್ರತಿವರ್ಷ ಮನೆಗೆ ಕರೆಯುತ್ತಾಳೆ. ಏಕೆಂದು ಅವಳು ಶಾಂತವಾಗಿ ಹೇಳುವ ಕ್ಷಣವನ್ನು ನಾನು ಎಷ್ಟು ಬಾರಿ ನೋಡಿದರೂ ಮೈ ಜುಮ್ಮೆನ್ನುತ್ತದೆ. ಈ ಎರಡರ ಜೊತೆಗೆ ಮೂರನೆಯದನ್ನು ಸೇರಿಸಲು ಮನಸ್ಸಿದ್ದರೆ ರಾಮ್ ರೆಡ್ಡಿ ಅವರ ಕನ್ನಡ ಚಿತ್ರ 'ತಿಥಿ' ನೋಡಿ. ಒಂದು ಸಾವಿನ ಸುತ್ತ ಮೂರು ತಲೆಮಾರುಗಳನ್ನು ನಿಲ್ಲಿಸುವ ಆ ಚಿತ್ರದಲ್ಲಿ ನಟಿಸಿದವರಲ್ಲಿ ಬಹುತೇಕರು ವೃತ್ತಿನಟರಲ್ಲ, ಮತ್ತು ಅದು ನಗಿಸುತ್ತದೆ. ಓಝು ಕೊಟ್ಟ ಭಾರದ ನಂತರ ಆ ನಗು ಬೇಕಾಗುತ್ತದೆ.

ದೀರ್ಘ ಚಿತ್ರಕ್ಕೆ ಒಂದು ಇಡೀ ದಿನವನ್ನು ಮೀಸಲಿಡಿ. ಅಕಿರಾ ಕುರೊಸಾವಾ ಅವರ 'ಸೆವೆನ್ ಸಮುರಾಯ್' (1954) 207 ನಿಮಿಷಗಳದ್ದು. ಚಿತ್ರದೊಳಗೇ ವಿರಾಮವಿದೆ, ಅಲ್ಲಿ ನಿಲ್ಲಿಸಿ ಸಂಜೆ ಮುಂದುವರಿಸಬಹುದು. ಕನ್ನಡದಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಇದರ ಜೊತೆಗೆ ಚೆನ್ನಾಗಿ ನಿಲ್ಲುತ್ತದೆ. ಕೂಲಿಗೆ ಕಾದುವ ಯೋಧರ ನಿಯತ್ತೇನು ಎಂಬ ಪ್ರಶ್ನೆ ಎರಡರಲ್ಲೂ ಇದೆ, ಮತ್ತು ಶಂಕರ್ ನಾಗ್ ಅವರನ್ನು ಅವರ ಮೊದಲ ಚಿತ್ರದಲ್ಲಿ ನೋಡುವ ಸಂತೋಷವೂ ದೊರೆಯುತ್ತದೆ.

ಇಷ್ಟೆಲ್ಲ ಆರಿಸಿದ ಮೇಲೂ ಹಳೆಯ ಚಿತ್ರಗಳು ಸೋಲುವುದು ಹೆಚ್ಚಾಗಿ ತೋರಿಸುವ ರೀತಿಯಿಂದ. ಬೇಸಿಗೆಯ ಹಗಲಿನ ಬೆಳಕು ಕೋಣೆಯಲ್ಲಿ ತುಂಬಿರುವಾಗ ಕಪ್ಪು-ಬಿಳುಪು ಚಿತ್ರದ ನೆರಳುಗಳೆಲ್ಲ ಬೂದಿಬಣ್ಣಕ್ಕೆ ತಿರುಗುತ್ತವೆ. ಕತ್ತಲಾದ ಮೇಲೆ ನೋಡಿ, ಇಲ್ಲವೇ ಪರದೆಗಳನ್ನು ಪೂರ್ತಿ ಎಳೆಯಿರಿ. 1950ರ ದಶಕದ ಆರಂಭದವರೆಗಿನ ಚಿತ್ರಗಳ ಚೌಕಟ್ಟು ಬಹುತೇಕ ಚೌಕಾಕಾರದ್ದಾಗಿರುವುದರಿಂದ ಟಿವಿಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಕಾಣಬೇಕು. ಪರದೆ ತುಂಬಲೆಂದು ಚಿತ್ರವನ್ನು ಎಳೆದರೆ ಮುಖಗಳು ಅಗಲವಾಗುತ್ತವೆ, ಜೂಮ್ ಮಾಡಿದರೆ ತಲೆ ಮತ್ತು ಪಾದಗಳು ಕತ್ತರಿಸಿಹೋಗುತ್ತವೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಚಲನೆಯನ್ನು ನಯಗೊಳಿಸುವ ಆಯ್ಕೆಯೊಂದಿರುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರಿಸಿದ ಸಿನಿಮಾದ ನಡುವೆ ಟಿವಿ ತಾನೇ ಸೃಷ್ಟಿಸಿದ ಚೌಕಟ್ಟುಗಳನ್ನು ತುರುಕುವುದರಿಂದ ಎಲ್ಲವೂ ಧಾರಾವಾಹಿಯಂತೆ ಕಾಣುತ್ತದೆ. ಅದನ್ನು ಆಫ್ ಮಾಡಿ. ಒಂದೇ ಚಿತ್ರದ ಹಲವು ಪ್ರತಿಗಳು ಸಿಕ್ಕರೆ ಪುನರುಜ್ಜೀವನಗೊಳಿಸಿದ ಪ್ರತಿಯನ್ನೇ ಆರಿಸಿ, ಡಬ್ಬಿಂಗ್‌ಗಿಂತ ಮೂಲ ಧ್ವನಿ ಮತ್ತು ಸಬ್‌ಟೈಟಲ್‌ಗಳನ್ನು ಇಟ್ಟುಕೊಳ್ಳಿ. ಓದಲು ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಮಾತ್ರ ಡಬ್ಬಿಂಗ್ ಸರಿ.

ಬೇರೆಯವರಿಗೆ ಶಿಫಾರಸು ಮಾಡುವಾಗ ಅವರು ಇತ್ತೀಚೆಗೆ ಮೆಚ್ಚಿದ ಒಂದು ಚಿತ್ರದ ಹೆಸರು ಕೇಳಿ, ಅದರ ಗುಣಕ್ಕೆ ಹತ್ತಿರವಾದ ಒಂದೇ ಜೋಡಿಯನ್ನು ಹೇಳಿ. ಕಥೆ ಹೇಳಬೇಡಿ. ಅದರ ಬದಲು ಅವರಿಗೆ ಎಲ್ಲಿ ಬೇಸರ ಬರಬಹುದೋ ಅದನ್ನು ಮೊದಲೇ ತಿಳಿಸಿ. ಒಮ್ಮೆ ಸ್ನೇಹಿತರೊಬ್ಬರಿಗೆ 'ಟೋಕಿಯೋ ಸ್ಟೋರಿ' ಅದ್ಭುತವೆಂದಷ್ಟೇ ಹೇಳಿದ್ದೆ. ಅವರು ಅರ್ಧ ಗಂಟೆಗೇ ಬಿಟ್ಟರು. ಮರುವರ್ಷ, ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ, ಆದರೂ ಕುಳಿತಿರಿ ಎಂದೆ. ಅವರು ಪೂರ್ತಿ ನೋಡಿ, ಆ ರಾತ್ರಿಯೇ ತಾಯಿಗೆ ಫೋನ್ ಮಾಡಿದರಂತೆ.

ಖಾಲಿ ಬಿಟ್ಟ ಕೊನೆಯ ವಾರದಲ್ಲಿ ಹೊಸದೇನನ್ನೂ ಹಾಕಬೇಡಿ, ಅತ್ಯಂತ ಹಿಡಿಸಿದ ಚಿತ್ರವನ್ನು ಮತ್ತೊಮ್ಮೆ ನೋಡಿ. ಅದು '12 ಆ್ಯಂಗ್ರಿ ಮೆನ್' ಆಗಿದ್ದರೆ ಈ ಬಾರಿ ವಾದಗಳನ್ನು ಹಿಂಬಾಲಿಸದೆ ಕ್ಯಾಮೆರಾದ ಎತ್ತರವನ್ನಷ್ಟೇ ಗಮನಿಸುತ್ತಾ ಹೋಗಿ. ಚಾವಣಿ ಮೊದಲ ಬಾರಿಗೆ ಕಣ್ಣಿಗೆ ಬಿದ್ದಾಗ, ಆ ಹೊತ್ತಿಗೆ ಎಷ್ಟು ಮಂದಿ ಮನಸ್ಸು ಬದಲಿಸಿದ್ದಾರೆಂದು ಎಣಿಸಿ ನೋಡಿ.